ಎರಡೂ ಕಡೆ ‘ಕಿಮ್ಸ’ ಅಂದ ಮಾತ್ರಕ್ಕೆ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯ ಕೆಚುವಾ, ಐಮಾರಾ ಭಾಷೆಗಳು ಒಡಹುಟ್ಟಿದವು ಎಂದು ಬರೆದುಬಿಟ್ಟಿದ್ದೀರಿ. ಅದು ಅಷ್ಟು ಸಲೀಸಲ್ಲ. ಮೂರಕ್ಕೆ ಎರಡರಲ್ಲೂ ‘ಕಿಮ್ಸ’, ನಿಜ. ಆದರೆ ಎರಡಕ್ಕೆ ಕೆಚುವಾದಲ್ಲಿ ‘ಇಸ್ಕಾಯ್’, ಐಮಾರಾದಲ್ಲಿ ‘ಪಾಯ’. ನೂರಾರು ವರ್ಷ ಅಕ್ಕಪಕ್ಕ ಬಾಳಿದವರು ಪದಗಳನ್ನು ಕೈಗಡ ತಾರದೆ ಇರುತ್ತಾರೆಯೇ? ನಮ್ಮ ತೋಟದ ಕಾಗದಪತ್ರ ತೆಗೆದರೆ ಜಮೀನು, ದಸ್ತಾವೇಜು, ತಹಸೀಲ್ದಾರ್ ಎಲ್ಲವೂ ಪಾರ್ಸಿ ಕಡೆಯಿಂದ ಬಂದವು. ಹಾಗಂತ ಕನ್ನಡ ಪಾರ್ಸಿಯ ತಂಗಿಯಲ್ಲ.

ರಕ್ತಸಂಬಂಧದ ಗುರುತೇ ಬೇರೆ. ಅಡಿಕೆ ಸುಲಿಯಲು ನಮ್ಮಲ್ಲಿಗೆ ಬರುವ ತುಳುವಿನ ಅಕ್ಕ ‘ಪತ್ತ್’ ಎಂದು ಎಣಿಸುತ್ತಾರೆ, ನಾವು ‘ಹತ್ತು’. ಅವರ ‘ಪಿಲಿ’ ನಮ್ಮ ಹುಲಿ, ‘ಪೂ’ ನಮ್ಮ ಹೂ. ‘ಪ’ಕಾರ ಸಾಲುಸಾಲಾಗಿ ‘ಹ’ಕಾರವಾಗಿದೆ, ನೋಡಿ. 1987ರಲ್ಲಿ ಅಮೆರಿಕದ ಭಾಷಾತಜ್ಞ ಜೋಸೆಫ್ ಗ್ರೀನ್‌ಬರ್ಗ್ ದಕ್ಷಿಣ ಅಮೆರಿಕದ ಮೂಲನಿವಾಸಿ ಭಾಷೆಗಳನ್ನೆಲ್ಲ ‘ಅಮೆರಿಂಡ್’ ಎಂಬ ಒಂದೇ ಗೋಣಿಗೆ ತುಂಬಿದರು. ಪದಪದದಲ್ಲೂ ಒಂದೇ ಕ್ರಮದಲ್ಲಿ ಧ್ವನಿ ಬದಲಾದ ಇಂಥ ಸಾಲು ತೋರಿಸಲಿಲ್ಲವೆಂದೇ ಹೆಚ್ಚಿನ ಭಾಷಾತಜ್ಞರು ಅದನ್ನು ಒಪ್ಪಲಿಲ್ಲ. ಅಡಿಕೆಯ ಬೇರೆಬೇರೆ ತರಗಳಾದ ರಾಶಿ, ಬೆಟ್ಟೆ, ಗೊರಬಲನ್ನು ಒಂದೇ ಚೀಲಕ್ಕೆ ಸುರಿದು ಒಯ್ದರೆ ಶಿವಮೊಗ್ಗದ ಮಂಡಿಯಲ್ಲಿ ಏನಂತಾರೆ?

ತಿದ್ದುಪಡಿ ಹಾಕುವುದಾದರೆ, ಐಮಾರಾ ‘ಅಯಾಮರ’ ಎಂದು ಅಚ್ಚಾಗಿರುವುದನ್ನೂ ಸರಿಮಾಡಿ.

— ನಿವೃತ್ತ ಕನ್ನಡ ಮೇಷ್ಟ್ರು, ತೀರ್ಥಹಳ್ಳಿ