ಜಪಾನಿನ ಯೊಕೊಹಾಮಾದ ಆ ಹುಡುಗಿಗೆ ಥ್ಯಾಂಕ್ಸ್

ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಯೊಕೊಹಾಮಾದ ಲ್ಯಾಂಡ್‌ಮಾರ್ಕ್ ಟವರ್ ಗೊತ್ತಲ್ವಾ, 1993ರ ಆ 296 ಮೀಟರ್ ಕಟ್ಟಡ, ಅದರ ಮೇಲಿನ ಮಹಡಿಗಳಲ್ಲಿದ್ದ ಹೋಟೆಲಿನಲ್ಲಿ ನಾನೂ ಅಮ್ಮನೂ ಇಳಿದುಕೊಂಡಿದ್ದೆವು. ರಾತ್ರಿ ಭೂಮಿ ನಡುಗಿತು. ಸಣ್ಣದೇ, ಆದರೆ ಅಷ್ಟು ಎತ್ತರದಲ್ಲಿ ಕೋಣೆ ದೋಣಿಯ ಹಾಗೆ ನಿಧಾನಕ್ಕೆ ತೂಗುತ್ತಲೇ ಇತ್ತು, ಹ್ಯಾಂಗರ್‌ಗಳು ಟಕಟಕ ಅನ್ನುತ್ತಿದ್ದವು, ಅಮ್ಮ ಚಪ್ಪಲಿ ಹುಡುಕುತ್ತಾ ರಾಯರನ್ನು ಕರೆಯುತ್ತಿದ್ದರು. ಕಾರಿಡಾರಿಗೆ ಓಡಿದರೆ ನೀವು! ಲಿಫ್ಟ್ ಬೇಡ ಅಂತ ಸನ್ನೆ ಮಾಡಿ, ಅಮ್ಮನನ್ನು ಗೋಡೆಗೆ ಒರಗಿಸಿ, ಹೋಟೆಲಿನ ಯೂನಿಫಾರ್ಮಿನಲ್ಲೇ ಪಕ್ಕದಲ್ಲಿ ನೆಲಕ್ಕೆ ಕೂತಿರಿ. ಚೀಟಿಯ ಮೇಲೆ ಕಟ್ಟಡ ಬರೆದು ಅದರ ನೆತ್ತಿಯಲ್ಲಿ ಭಾರದ ತೂಕವೊಂದನ್ನೂ ಬರೆದಿರಿ. ಕಟ್ಟಡ ಆ ಕಡೆ ವಾಲಿದರೆ ತೂಕ ಈ ಕಡೆ, ಹಾಗಾಗಿ ತೂಗಾಟ ತಗ್ಗುತ್ತದೆ ಅಂತ. ಅಮ್ಮ ನಕ್ಕುಬಿಟ್ಟರು. ತುಂಬಾ ಥ್ಯಾಂಕ್ಸ್ ಕಣ್ರೀ. ಆ ಚೀಟಿ ಈಗ ನಮ್ಮ ಫ್ರಿಜ್ ಮೇಲಿದೆ.