ಗ್ರಹದ ಚಿತ್ರಕ್ಕೆ ಹಳೆಯ ವೆಬ್‌ಕ್ಯಾಮ್ ಸಾಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ತರಗತಿಯ ಕಾಲಕ್ಕೆ ಕೊಂಡ ವೆಬ್‌ಕ್ಯಾಮ್‌ಗಳು ಮಂಜೇಶ್ವರ, ಕಾಸರಗೋಡು ಕಡೆಯ ಮನೆಗಳಲ್ಲಿ ಧೂಳು ತಿನ್ನುತ್ತಿವೆ. ಶಾಲೆಯ ಟೆಲಿಸ್ಕೋಪಿಗೆ ಅದನ್ನು ಜೋಡಿಸಿದರೆ ಗುರುವಿನ ಪಟ್ಟೆ, ಶನಿಯ ಬಳೆ ಎರಡೂ ಸಿಗುತ್ತವೆ. ಒಂದೇ ಫೋಟೊ ತೆಗೆದು, ಮಸುಕಾಗಿದೆಯೆಂದು ಕೈಬಿಡುವವರೇ ಹೆಚ್ಚು. ಗಾಳಿಯ ಬಿಸಿ, ತಂಪು ಪದರಗಳು ಬಿಂಬವನ್ನು ನಡುಗಿಸುತ್ತಲೇ ಇರುತ್ತವೆ. ನಡುನಡುವೆ ಅರೆಕ್ಷಣ ಅದು ತಿಳಿಯಾಗುತ್ತದೆ. ಆ ಅರೆಕ್ಷಣಗಳನ್ನು ಹೆಕ್ಕಲು ವಿಡಿಯೊವೇ ಬೇಕು.

ಕ್ಯಾಮಿನ ಮಸೂರ ತಿರುಗಿಸಿ ಬಿಚ್ಚಿ, ಕಣ್ಣಿಟ್ಟು ನೋಡುವ 1.25 ಇಂಚಿನ ಐಪೀಸ್ ಕೂರುವಲ್ಲಿ ಹೊಂದುವ ಕೊಳವೆ ಅಂಟಿಸಿ. ತಳ ಕೊಯ್ದ ಹಳೆಯ ಫಿಲ್ಮ್ ಡಬ್ಬಿಗೆ ಒಂದು ಸುತ್ತು ಟೇಪು ಹಾಕಿದರೂ ನಡೆಯುತ್ತದೆ. ಮಸೂರದ ಜತೆ ಅವಕೆಂಪು (ಇನ್‌ಫ್ರಾರೆಡ್) ಬೆಳಕು ತಡೆಯುವ ಪುಟ್ಟ ಗಾಜೂ ಕಳಚಿ ಬಂದರೆ ಅದನ್ನು ಮತ್ತೆ ಸೇರಿಸಲೇಬೇಕು, ಇಲ್ಲವಾದರೆ ಬಣ್ಣ ಕೆಡುತ್ತದೆ.

ಬೆಳಕನ್ನು ತಾನೇ ಹೊಂದಿಸುವ ಆಟೊ ಎಕ್ಸ್‌ಪೋಶರ್ ಆಫ್ ಮಾಡಿ. ಅದು ಕಪ್ಪು ಆಕಾಶವನ್ನೇ ಅಳೆದು ಗುರುವನ್ನು ಬಿಳಿ ಬೊಟ್ಟು ಮಾಡಿಬಿಡುತ್ತದೆ. ಮೊದಲು ಬೆಳಕು ಏರಿಸಿ, ಗುರುವಿನ ಚಂದ್ರನೊಂದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ತಿರುಗಿಸಿ. ಆಮೇಲೆ ಗ್ರಹ ತುಸು ಮಂಕಾಗುವಷ್ಟು ಬೆಳಕು ಇಳಿಸಿ. ಗುರು 10 ಗಂಟೆಯೊಳಗೇ ಒಂದು ಸುತ್ತು ತಿರುಗುವುದರಿಂದ ಎರಡು ನಿಮಿಷದ ವಿಡಿಯೊ ಸಾಕು, ಉದ್ದವಾದರೆ ವಿವರ ಕಲಸಿಹೋಗುತ್ತದೆ. ಸೆಕೆಂಡಿಗೆ 10ರಂತೆ 1200 ಫ್ರೇಮ್, ಅಂದರೆ ಬಿಡಿ ಚಿತ್ರ, ಬರುತ್ತವೆ. ಉಚಿತವಾಗಿ ಸಿಗುವ ಆಟೊಸ್ಟಾಕರ್ಟ್ ತಂತ್ರಾಂಶ ಅವುಗಳಲ್ಲಿ ಚೆನ್ನಾದ 400 ಆರಿಸಿ ಒಂದರ ಮೇಲೊಂದು ಕೂಡಿಸಿದರೆ ಚಿತ್ರದ ಕಾಳುಕಾಳು ಗದ್ದಲ (ನಾಯ್ಸ್) 20ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತುಂಬಾ ನಡುಗಿದ ರಾತ್ರಿ 100ಕ್ಕೇ ನಿಲ್ಲಿಸುವುದು ಲೇಸು. ಆಮೇಲೆ ರೆಜಿಸ್ಟಾಕ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಚಿತ್ರ ಹರಿತ ಮಾಡುವಾಗ ಕೈ ಬಿಗಿಯಿರಲಿ; ಅತಿಯಾದರೆ ಗ್ರಹದ ಅಂಚಿನಲ್ಲಿ ಇಲ್ಲದ ಗೆರೆ ಮೂಡುತ್ತದೆ.

ಸಿಮೆಂಟು ಟಾರಸಿ ನಡುರಾತ್ರಿಯವರೆಗೂ ಬಿಸಿ ಕಾರುತ್ತದೆ. ಅಡಿಕೆ ಹರಡುವ ಮಣ್ಣಿನ ಅಂಗಳವೇ ಮೇಲು. ಹೊರಗಿನ ತಂಪಿಗೆ ಹೊಂದಿಕೊಳ್ಳಲು ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಡಿ.

ನಮ್ಮ ಊರಿನ ಭಾಗ್ಯವೂ ದೊಡ್ಡದು. ಕಾಸರಗೋಡು 12.5 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಗುರು, ಶನಿ ತೀರ ದಕ್ಷಿಣಕ್ಕಿಳಿದ ವರ್ಷಗಳಲ್ಲೂ ಸುಮಾರು 54 ಡಿಗ್ರಿ ಎತ್ತರಕ್ಕೇರುತ್ತವೆ. ಲಂಡನ್ನಿನಲ್ಲಿ ಆಗ ಬರೀ 15. ಮೇಲೇರಿದಷ್ಟೂ ದಾಟಬೇಕಾದ ಗಾಳಿ ಕಡಿಮೆ.

ಈ ತಂತ್ರಾಂಶಗಳ ಮೆನು ಇಂಗ್ಲಿಷಿನಲ್ಲಿದೆ. ನಮ್ಮ ಕನ್ನಡ ಶಾಲೆಗಳ ವಿಜ್ಞಾನ ಕ್ಲಬ್ಬುಗಳಿಗಾಗಿ, ಯಾವ ಗುಂಡಿ ಯಾವಾಗ ಒತ್ತಬೇಕೆಂಬುದನ್ನು ಪರದೆಯ ಚಿತ್ರಗಳೊಂದಿಗೆ ತಾವು ವಿದ್ಯಾರ್ಥಿ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿ.

– ಓದುಗ, ಬದಿಯಡ್ಕ, ಕಾಸರಗೋಡು