ಎಟ್ನಾ ಪ್ರವಾಸ: ತುದಿ ಹತ್ತುವ ದಿನವನ್ನು ಯಾಕೆ ಕೈಬಿಟ್ಟೆವು

ಆತ್ಮೀಯರೇ, ನಮಸ್ಕಾರ.

ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಎಟ್ನಾ ಪರ್ವತಕ್ಕೆ ನಮ್ಮ ಜೊತೆ ಬರಲು ಮುಂಗಡ ಕೊಟ್ಟಿರುವವರಿಗೂ, ಫೋನ್ ಮಾಡಿ ವಿಚಾರಿಸಿದವರಿಗೂ ಈ ಪತ್ರ. ನೇರ ವಿಷಯಕ್ಕೇ ಬರುತ್ತೇವೆ. ಇನ್ನು ಮುಂದೆ ನಮ್ಮ ಎಟ್ನಾ ಪ್ರವಾಸದಲ್ಲಿ ಜ್ವಾಲಾಮುಖಿಯ ತುದಿ ಹತ್ತುವ ದಿನ ಇರುವುದಿಲ್ಲ. ಪರ್ವತದ ಸೊಂಟದ ಸುತ್ತ ಎರಡು ದಿನ ಸೈಕಲ್, ಎರಡು ದಿನ ನಡಿಗೆ, ಒಂದು ದಿನ ಪೂರ್ತಿ ಖಾಲಿ. ಗುಂಪಿನಲ್ಲಿ ಹದಿನಾಲ್ಕು ಜನರ ಬದಲು ಎಂಟೇ ಜನ. ಆಗಸ್ಟ್ ಬದಲು ಸೆಪ್ಟೆಂಬರ್ ಕೊನೆಗೆ ಹೊರಡುತ್ತೇವೆ.

"ಅಷ್ಟು ದೂರ ಹೋಗಿ ತುದಿ ನೋಡದೆ ಬರೋದಾ?" ಅಂತ ನೀವು ಕೇಳೇ ಕೇಳುತ್ತೀರಿ. ಕೇಳಬೇಕಾದ ಮಾತೇ. ನಮ್ಮ ಕರಪತ್ರದ ಮೊದಲ ಪುಟದಲ್ಲೇ ತುದಿಯ ಫೋಟೊ ಹಾಕಿದವರು ನಾವು. ಆ ಫೋಟೊ ಹಾಕಿದ್ದು ತಪ್ಪು ಅಂತ ಈಗ ಅನ್ನಿಸಿದೆ. ಯಾಕೆ ಅಂತ ಹೇಳುತ್ತೇವೆ.

2023ರ ಆಗಸ್ಟ್‌ನಲ್ಲಿ ನಮ್ಮ ಗುಂಪು ಅಲ್ಲಿತ್ತು. ಒಂದು ರಾತ್ರಿ ಎಟ್ನಾ ಉಗುಳಿತು. ಬೆಳಗ್ಗೆ ಎದ್ದು ನೋಡಿದರೆ ಪರ್ವತದ ಬುಡದ ಕತಾನಿಯಾ ಪಟ್ಟಣದ ಬಾಲ್ಕನಿ, ಕಾರು, ರಸ್ತೆ ಎಲ್ಲದರ ಮೇಲೂ ಕಪ್ಪು ಬೂದಿ. ವಿಮಾನ ನಿಲ್ದಾಣ ಮುಚ್ಚಿತು. ಬೂದಿ ಬಿದ್ದ ರಸ್ತೆಯಲ್ಲಿ ಚಕ್ರ ಜಾರುತ್ತೆ ಅಂತ ಬೈಕು, ಸೈಕಲ್‌ಗಳಿಗೆ 48 ಗಂಟೆ ನಿಷೇಧ ಬಂತು. ಕಾರುಗಳಿಗೆ ಗಂಟೆಗೆ 30 ಕಿಲೋಮೀಟರ್ ಮಿತಿ. ನಮ್ಮ ಸೈಕಲ್‌ಗಳು ಎರಡು ದಿನ ಶೆಡ್ಡಿನಲ್ಲೇ ನಿಂತವು.

ಆಮೇಲೆ ನಾವು ಮಾಡಿದ್ದು ಅವಸರ. ಕಳೆದುಹೋದ ಎರಡು ದಿನವನ್ನು ಹೇಗಾದರೂ ತುಂಬಬೇಕು ಅಂತ, ಉಳಿದ ಒಂದೇ ದಿನದಲ್ಲಿ ಬೆಳಗ್ಗೆ ಸೈಕಲ್ ಸವಾರಿ ಇಟ್ಟು, ಮಧ್ಯಾಹ್ನ ಗೈಡ್ ಜೊತೆ ಅನುಮತಿ ಇದ್ದಷ್ಟು ಎತ್ತರಕ್ಕೆ ಎಲ್ಲರನ್ನೂ ಹತ್ತಿಸಿದೆವು. ಇಳಿಯುವಾಗ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಜಾರಿ ಅಂಗೈ ಊರಿ ಬಿದ್ದರು. ಅಲ್ಲಿನ ಪುಡಿಗಲ್ಲು ಕುಲುಮೆಯಲ್ಲಿ ಉಳಿಯುವ ಕಿಟ್ಟದ ಹಾಗೆ. ಹಗುರ, ತೂತು ತೂತು, ಅಂಚು ಮಾತ್ರ ಗಾಜು. ಕೆಳಗೆ ಬಂದು ನಲ್ಲಿಯ ಪಕ್ಕ ಕೂತು ಅವರ ಅಂಗೈಯಿಂದ ಕಪ್ಪು ಚೂರುಗಳನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆದೆವು. ಅವರು ಅಳಲಿಲ್ಲ, ಬಯ್ಯಲಿಲ್ಲ. "ಇಷ್ಟು ಅವಸರ ಯಾಕಿತ್ತಪ್ಪಾ?" ಅಂತ ಮಾತ್ರ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಗಲೇ ಕಾರ್ಯಕ್ರಮ ಬದಲಿಸಬೇಕಿತ್ತು. ಬದಲಿಸಲಿಲ್ಲ.

ಆಮೇಲೆ 2025ರ ಜೂನ್ 2 ಬಂತು. ಎಟ್ನಾದ ಆಗ್ನೇಯ ಕುಳಿಯ ಒಂದು ಬದಿ ಕುಸಿದು, ಬಿಸಿ ಬೂದಿ, ಅನಿಲ, ಕಲ್ಲುಗಳ ಮೋಡ ಇಳಿಜಾರಿನಲ್ಲಿ ಉರುಳಿತು. ಪ್ರವಾಸಿಗರು ಓಡಿ ಇಳಿಯುವ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ ಅಲ್ವಾ? ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಆ ವಿಡಿಯೊ ನೋಡಿದ ರಾತ್ರಿ ನಮ್ಮ ಕಚೇರಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.

ಕತಾನಿಯಾದಲ್ಲಿ ಜ್ವಾಲಾಮುಖಿಯ ಮೇಲೆ ಹಗಲು ರಾತ್ರಿ ಕಣ್ಣಿಟ್ಟಿರುವ ಸರ್ಕಾರಿ ವಿಜ್ಞಾನಿಗಳಿದ್ದಾರೆ. ಅವರು ಕೊಡುವ ಮಾಹಿತಿ ನೋಡಿ ಎಷ್ಟು ಎತ್ತರದವರೆಗೆ ಜನ ಹೋಗಬಹುದು ಅಂತ ಅಲ್ಲಿನ ಆಡಳಿತ ನಿರ್ಧರಿಸುತ್ತದೆ. ಈ ಗಡಿ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಪರ್ವತದ ಎತ್ತರವೇ ಸ್ಫೋಟ, ಕುಸಿತ ಆದ ಹಾಗೆ ಬದಲಾಗುತ್ತಿರುತ್ತದೆ. 3,300 ಮೀಟರ್‌ಗಿಂತ ಜಾಸ್ತಿ ಅಂತ ಹೇಳಬಹುದು, ಅಷ್ಟೇ. ಹೀಗಿರುವಾಗ ಆರು ತಿಂಗಳ ಮುಂಚೆ ಬೆಂಗಳೂರಲ್ಲಿ ಕೂತು ನಿಮಗೆ ತುದಿಯ ಮಾತು ಕೊಡುವುದು ಸರಿಯಲ್ಲ.

ಈಗ ಹೊಸ ದಾರಿಯ ಬಗ್ಗೆ. ಇದನ್ನು ಬರೆಯುವಾಗ ನಮಗೆ ನಿಜಕ್ಕೂ ಖುಷಿ ಆಗುತ್ತಿದೆ. ಎಟ್ನಾದ ಪಶ್ಚಿಮ ಮತ್ತು ಉತ್ತರದ ಮೈಮೇಲೆ 'ಅಲ್ತೊಮೊಂತಾನ' ಅನ್ನುವ ಅರಣ್ಯ ಇಲಾಖೆಯ ಮಣ್ಣುದಾರಿ ಇದೆ. ಪ್ರವಾಸಿ ವಾಹನಗಳು ಬರುವಂತಿಲ್ಲ. ಮೂವತ್ತು ಕಿಲೋಮೀಟರಿಗೂ ಜಾಸ್ತಿ ಉದ್ದ. ಸ್ವಲ್ಪ ಹೊತ್ತು ಪೈನ್ ಮರಗಳ ನೆರಳು, ಆಮೇಲೆ ಇದ್ದಕ್ಕಿದ್ದ ಹಾಗೆ ಕಾಡು ಮುಗಿದು ಹಳೇ ಲಾವಾದ ಕಪ್ಪು ಹರವು, ಮತ್ತೆ ಕಾಡು. ಎಡಕ್ಕೋ ಬಲಕ್ಕೋ ತಿರುಗಿದರೆ ತುದಿಯ ಹೊಗೆ ಕಾಣುತ್ತಲೇ ಇರುತ್ತದೆ. ಅಲ್ಲಲ್ಲಿ ಒಲೆ ಇರುವ ಪುಟ್ಟ ಕಲ್ಲಿನ ಮನೆಗಳಿವೆ, ಯಾರು ಬೇಕಾದರೂ ಕೂತು ಬುತ್ತಿ ಬಿಚ್ಚಬಹುದು. ನೀರು ಮಾತ್ರ ಸಿಗಲ್ಲ. ಮಳೆ ಎಷ್ಟು ಬಂದರೂ ಲಾವಾ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಒಬ್ಬೊಬ್ಬರೂ ಮೂರು ಲೀಟರ್ ಹೊತ್ತೇ ಹೊರಡಬೇಕು. ಆಗಸ್ಟ್ ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ.

ಸೈಕಲ್ ಬಗ್ಗೆ ಒಂದು ಮಾತು. ಅಲ್ಲಿನ ಬೂದಿ ನಮ್ಮ ಒಲೆಬೂದಿಯಲ್ಲ, ಕಲ್ಲು ಮತ್ತು ಗಾಜಿನ ಪುಡಿ. ಚೈನಿನ ಮೇಲೆ ಬಿದ್ದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆಯ ಜೊತೆ ಸೇರಿ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಒಣ ಬ್ರಷ್‌ನಲ್ಲಿ ಕೊಡವಬೇಕು, ಆಮೇಲೆ ಎಣ್ಣೆ ತೆಳ್ಳಗೆ. ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ ಅಂತ ಪ್ರತಿ ಸೈಕಲ್‌ಗೂ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳುತ್ತೇವೆ.

ನಡಿಗೆಯ ಮೊದಲ ದಿನ 'ಸ್ಕಿಯೆನಾ ದೆಲ್ಲಾಸಿನೊ', ಅಂದರೆ ಕತ್ತೆಬೆನ್ನು ಅನ್ನುವ ಏರಿನಲ್ಲಿ. ಅದು ನಿಮ್ಮನ್ನು 'ವಾಲ್ಲೆ ದೆಲ್ ಬೊವೆ', ಎತ್ತಿನ ಕಣಿವೆಯ ಅಂಚಿಗೆ ತಂದು ನಿಲ್ಲಿಸುತ್ತದೆ. ಎಟ್ನಾದ ಪೂರ್ವದ ಮೈ ಕುಸಿದು ಆದ ದೊಡ್ಡ ಬಟ್ಟಲು ಅದು. ಒಳಗೆ ಹೊಸ ಲಾವಾ ಹಳೆಯದರ ಮೇಲೆ ಹರಿದು ನಿಂತಿದೆ. ಎರಡನೇ ದಿನ 1865ರ ಸ್ಫೋಟದಲ್ಲಿ ಸಾಲಾಗಿ ಎದ್ದ ಮೊಂತಿ ಸಾರ್ತೋರಿಯುಸ್ ದಿಣ್ಣೆಗಳು. ಕಪ್ಪು ನೆಲ, ಅದರ ಮೇಲೆ ಬಿಳಿ ತೊಗಟೆಯ ಬರ್ಚ್ ಮರಗಳು. ಎಟ್ನಾ ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯದ ಬರ್ಚ್ ಅದು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಅಲ್ಲಿನ ಕಲ್ಲು ಕೈಗೆತ್ತಿಕೊಂಡಾಗ ಏನೋ ಪರಿಚಯ ಅನ್ನಿಸಬಹುದು. ಗೋಳಗುಮ್ಮಟ ಕಟ್ಟಿದ ಕಲ್ಲೂ ಲಾವಾ ಆರಿ ಆದದ್ದೇ, ಸುಮಾರು ಆರೂವರೆ ಕೋಟಿ ವರ್ಷ ಹಿಂದೆ.

ಖಾಲಿ ದಿನ ಬೂದಿಗೆ, ಗಾಳಿಗೆ, ಮಳೆಗೆ ಮೀಸಲು. ಹವಾಮಾನ ಚೆನ್ನಾಗಿದ್ದು, ಮೇಲೆ ಬಿಡುತ್ತಿದ್ದರೆ, ಬೇಕಾದವರು ರಿಫೂಜಿಯೊ ಸಪಿಯೆನ್ಸಾ ಅನ್ನುವ ತಂಗುದಾಣದಿಂದ ಕೇಬಲ್ ಕಾರ್‌ನಲ್ಲಿ 2,500 ಮೀಟರ್‌ವರೆಗೆ ಹೋಗಿ, ಅಲ್ಲಿಂದ ಪರವಾನಗಿ ಇರುವ ಗೈಡ್ ಜೊತೆ ಮುಂದೆ ಹೋಗಬಹುದು. ಸಪಿಯೆನ್ಸಾ ಇರುವ ಜಾಗವೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು ಎತ್ತರ. ಬುಕಿಂಗ್‌ಗೆ ನಾವು ಸಹಾಯ ಮಾಡುತ್ತೇವೆ, ಖರ್ಚು ನಿಮ್ಮದು. ಹೋಗದವರು ಬ್ರೊಂತೆ ಅನ್ನುವ ಊರಿಗೆ ಬನ್ನಿ. ಅಲ್ಲಿ ಲಾವಾ ನೆಲದಲ್ಲಿ ಪಿಸ್ತಾ ಬೆಳೆಯುತ್ತಾರೆ. ಕೊಯ್ಲು ಎರಡು ವರ್ಷಕ್ಕೊಮ್ಮೆ, ಬೆಸ ವರ್ಷಗಳಲ್ಲಿ, ಸೆಪ್ಟೆಂಬರ್ ಹೊತ್ತಿಗೆ. ಇಳಿಜಾರು ಕಲ್ಲುನೆಲ, ಯಂತ್ರ ಹೋಗಲ್ಲ, ಕೈಯಲ್ಲೇ ಬಿಡಿಸುತ್ತಾರೆ.

ದುಡ್ಡಿನ ವಿಷಯ. ಗುಂಪು ಸಣ್ಣದಾದ್ದರಿಂದ ತಲಾ ಖರ್ಚು ಏರಿದೆ, ತುದಿಯ ದಿನದ ಗೈಡ್ ಮತ್ತು ಜೀಪಿನ ಖರ್ಚು ತಪ್ಪಿದೆ. ಎರಡೂ ಸರಿದೂಗುತ್ತವೆ, ದರ ಮೊದಲಿನದ್ದೇ. ಈ ಬದಲಾವಣೆ ಬೇಡ ಅನ್ನಿಸಿದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ. ವೀಸಾ ಶುಲ್ಕ ಕಟ್ಟಿಬಿಟ್ಟಿದ್ದರೆ ಅದನ್ನೂ ನಾವೇ ಭರಿಸುತ್ತೇವೆ, ಕಾರ್ಯಕ್ರಮ ಬದಲಿಸಿದ್ದು ನಾವಲ್ವಾ. ಈ ತಿಂಗಳ ಕೊನೆಯೊಳಗೆ ಒಂದು ಸಾಲು ಬರೆದು ತಿಳಿಸಿ. ಮಾತಾಡಿ ನಿರ್ಧಾರ ಮಾಡಬೇಕು ಅಂದರೆ ಸಂಜೆ ಹೊತ್ತು ಫೋನ್ ಮಾಡಿ, ನಿಧಾನವಾಗಿ ಮಾತಾಡೋಣ.

ಬರುವವರಿಗೆ ಸಾಮಾನಿನ ಪಟ್ಟಿ ಬೇರೆ ಕಳಿಸುತ್ತೇವೆ. ಗಟ್ಟಿ ಚರ್ಮದ ಕೈಗವಸು ಮಾತ್ರ ಈಗಲೇ ಕೊಂಡಿಡಿ. ಸೈಕಲ್‌ಗೂ ಅದೇ, ನಡಿಗೆಗೂ ಅದೇ.

ಇಂತಿ,
ನಿಮ್ಮ ಪ್ರವಾಸ ತಂಡದವರು